ಗಂಟೆ ಕೇಳುವಷ್ಟು ಊರು



ಇವತ್ತು ಫಿಲಿಪ್ಪೀನ್ಸ್ ದೇಶದ ಒಂದು ಪುಟ್ಟ ಕರಾವಳಿ ಊರಿನ ವಿಷಯ ಹೇಳುತ್ತೇನೆ. ಊರಿನ ಹೆಸರು ಬಲಾಂಗಿಗಾ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 14 ಸಾವಿರ ಚಿಲ್ಲರೆ. ಹಳ್ಳಿ, ಪೇಟೆ ಎಲ್ಲ ಸೇರಿ 13 ಬರಂಗಾಯ್‌ಗಳು, ಅಂದರೆ ಅವರ ಲೆಕ್ಕದ ವಾರ್ಡುಗಳು. ಒಂದು ನದಿ, ಒಂದು ಅಳಿವೆ, ಒಂದು ಇಗರ್ಜಿ, ಹಿಂದೆ ಕಾಡುಗುಡ್ಡ, ಮುಂದೆ ಕೊಲ್ಲಿ. ಇಷ್ಟು ಸಣ್ಣ ಊರಿನ ಮೂರು ಗಂಟೆಗಳ ಬಗ್ಗೆ ಎರಡು ದೇಶಗಳ ಅಧ್ಯಕ್ಷರು ಮಾತಾಡಿದ್ದಾರೆ, ಅಮೆರಿಕದ ಕಾಂಗ್ರೆಸ್ಸು ಕಾನೂನು ಮಾಡಿದೆ, ತಿದ್ದಿದೆ. ಆ ಗಂಟೆಗಳು ಊರು ಬಿಟ್ಟು ಹೋದದ್ದು 1901ರಲ್ಲಿ, ಮರಳಿ ಬಂದದ್ದು 2018ರಲ್ಲಿ. ಹಾಗೇಕಾಯಿತು ಎಂದು ತಿಳಿಯಬೇಕಾದರೆ ಮೊದಲು ಊರು ಎಲ್ಲಿದೆ ಎಂದು ನೋಡಬೇಕು.

ಫಿಲಿಪ್ಪೀನ್ಸ್‌ನಲ್ಲಿ 7,600ಕ್ಕೂ ಹೆಚ್ಚು ದ್ವೀಪಗಳಿವೆ. ಅವುಗಳಲ್ಲಿ ಲೂಜಾನ್ ಮೊದಲನೆಯದು, ಮಿಂಡನಾವೊ ಎರಡನೆಯದು, ಗಾತ್ರದಲ್ಲಿ ಮೂರನೆಯದು ಸಾಮಾರ್. ಮನಿಲಾದಿಂದ ಆಗ್ನೇಯಕ್ಕೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಇದರ ಪೂರ್ವಕ್ಕೆ ಶಾಂತಸಾಗರ. ಅಲ್ಲಿಂದ ಮುಂದೆ ಸಾವಿರಾರು ಮೈಲಿ ನೀರೇ ನೀರು. ನೈರುತ್ಯಕ್ಕೆ ಲೇಯ್ತೆ ದ್ವೀಪ. ಎರಡರ ನಡುವೆ ಸಾನ್ ಹ್ವಾನಿಕೊ ಎಂಬ ಕಿರಿದಾದ ಜಲಸಂಧಿ. 1973ರಲ್ಲಿ ಅದಕ್ಕೆ ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ ಕಟ್ಟಿದರು. ಸಾಮಾರ್‌ನ ದಕ್ಷಿಣ ಕರಾವಳಿ ಲೇಯ್ತೆ ಕೊಲ್ಲಿಗೆ ಮುಖ ಮಾಡಿ ನಿಂತಿದೆ. ಆ ಅಂಚಿನಲ್ಲಿ, ಬಲಾಂಗಿಗಾ ನದಿ ಕೊಲ್ಲಿಗೆ ಸೇರುವ ಜಾಗದಲ್ಲಿ ನಮ್ಮ ಊರು. ಪಶ್ಚಿಮಕ್ಕೆ ಲವಾನ್, ಪೂರ್ವಕ್ಕೆ ಗಿಪೊರ್ಲೊಸ್. ಎರಡೂ ಒಂದು ಕಾಲದಲ್ಲಿ ಬಲಾಂಗಿಗಾಕ್ಕೇ ಸೇರಿದ್ದವು, ಕಳೆದ ಶತಮಾನದಲ್ಲಿ ಬೇರೆ ಪುರಸಭೆಗಳಾದವು. ಜಿಲ್ಲೆಯ ಹೆಸರು ಪೂರ್ವ ಸಾಮಾರ್, 1965ರಲ್ಲಿ ಆದದ್ದು. ಅದರ ಕೇಂದ್ರ ಬೊರೊಂಗಾನ್. ಜನ ಆಡುವ ಮಾತು ವಾರಾಯ್.

ಸಾಮಾರ್‌ನ ನಡುಭಾಗ ಪೂರ್ತಿ ಕಾಡು, ಸುಣ್ಣಕಲ್ಲಿನ ಗುಡ್ಡಗಳು, ಗುಹೆಗಳು. ಗುಡ್ಡದಿಂದ ಹೊರಟ ಹೊಳೆಗಳು ಗಿಡ್ಡ, ರಭಸ ಹೆಚ್ಚು. ಒಣ ಕಾಲ ಎಂದು ಬೇರೆಯಾಗಿ ಹೇಳುವ ಹಾಗಿಲ್ಲ. ಮಳೆ ವರ್ಷವಿಡೀ ಬರುತ್ತದೆ, ನವೆಂಬರ್‌ನಿಂದ ಜನವರಿಯವರೆಗೆ ಇನ್ನೂ ಜೋರು. ಗದ್ದೆಗೆ ಬೇಕಾದ ಸಮತಟ್ಟು ನೆಲ ಕಡಮೆ. ಹಾಗಾಗಿ ಅಕ್ಕಿ ಯಾವತ್ತೂ ಸಾಲದು. ಇಲ್ಲಿನ ಸಾಮಾನ್ಯ ಮನೆಯ ಹೊಟ್ಟೆ ತುಂಬುವುದು ಮನೆಯ ಸುತ್ತ ನೆಟ್ಟ ಕೆಸುವಿನ ಗೆಡ್ಡೆ, ಗೆಣಸು, ಬಾಳೆ, ಜೊತೆಗೆ ಕೊಲ್ಲಿಯ ಮೀನಿನಿಂದ. ಕೈಯಲ್ಲಿ ಕಾಸು ಆಡುವುದು ತೆಂಗಿನಿಂದ ಮತ್ತು ಅಬಾಕಾದಿಂದ. ಅಬಾಕಾ ಬಾಳೆಯ ಜಾತಿಯ ಗಿಡ. ಅದರ ದಿಂಡಿನಿಂದ ಎಳೆದ ನಾರು ಉಪ್ಪುನೀರಿಗೆ ಜಗ್ಗುವುದಿಲ್ಲ. ಹಾಯಿಹಡಗುಗಳ ಕಾಲದಲ್ಲಿ ಜಗತ್ತಿನ ಹಡಗುಗಳಿಗೆಲ್ಲ ಆ ಹಗ್ಗವೇ ಬೇಕಿತ್ತು. ತೆಂಗಿನ ಮರಕ್ಕೆ ನಮ್ಮ ಕರಾವಳಿಯ ಮೂರ್ತೆದಾರರ ಹಾಗೆಯೇ ಇಲ್ಲಿನವರೂ ಹತ್ತುತ್ತಾರೆ, ಕಳ್ಳು ಇಳಿಸುತ್ತಾರೆ. ಅದಕ್ಕೆ ತೂಬಾ ಎನ್ನುತ್ತಾರೆ. ಮ್ಯಾಂಗ್ರೋವ್ ಮರದ ತೊಗಟೆಯ ಪುಡಿ ಬೆರೆಸುವುದರಿಂದ ಅದರ ಬಣ್ಣ ಕೆಂಪು. ಈ ಕೆಸು, ಈ ಅಕ್ಕಿ, ಈ ಕಳ್ಳು ಮೂರನ್ನೂ ನೆನಪಿಟ್ಟುಕೊಳ್ಳಿ. ಮುಂದೆ ಆಗುವ ಅನಾಹುತಕ್ಕೆ ಮೂರೂ ಸಾಕ್ಷಿ.

ಸ್ಪೇನಿನವರು ಬರುವ ಮೊದಲು ಇಲ್ಲಿನ ಜನ ಹೊಳೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಮನೆ ಕಟ್ಟಿಕೊಂಡು ಇದ್ದವರು. 1521ರ ಮಾರ್ಚಿನಲ್ಲಿ ಮೆಗೆಲ್ಲನ್‌ನ ಹಡಗುಗಳು ಶಾಂತಸಾಗರ ದಾಟಿ ಬಂದಾಗ ಮೊದಲು ಕಂಡದ್ದು ಸಾಮಾರ್‌ನ ಬೆಟ್ಟಗಳು. ಅವರು ಇಳಿದು ದಣಿವಾರಿಸಿಕೊಂಡದ್ದು ಇದೇ ಕೊಲ್ಲಿಯ ಬಾಯಲ್ಲಿರುವ ಹೊಮೊನ್ಹೊನ್ ಎಂಬ ಸಣ್ಣ ದ್ವೀಪದಲ್ಲಿ. ಆಮೇಲೆ ಸ್ಪೇನಿನ ಆಳ್ವಿಕೆ ಬೇರೂರಿತು. 16ನೇ ಶತಮಾನದ ಕೊನೆಗೆ ಜೆಸ್ವಿಟ್ ಪಾದ್ರಿಗಳು ಸಾಮಾರ್‌ಗೆ ಬಂದರು. 1768ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನು ಹೊರಹಾಕಿದ ಮೇಲೆ ಬೇರೆ ಪಂಥದವರು, ಕಡೆಗೆ ಫ್ರಾನ್ಸಿಸ್ಕನ್ನರು ಬಂದರು.

ಚದುರಿದ ಜನರನ್ನು ಲೆಕ್ಕಕ್ಕೆ, ತೆರಿಗೆಗೆ, ಪೂಜೆಗೆ ಒಂದೆಡೆ ತರುವುದು ಹೇಗೆ? ಸ್ಪೇನಿನವರು ಕಂಡುಕೊಂಡ ದಾರಿ ಸರಳ. ಅಳಿವೆಯ ಬಳಿ ಇಗರ್ಜಿ ಕಟ್ಟುವುದು, ಗಂಟೆ ತೂಗುವುದು, ಆ ಗಂಟೆಯ ಸದ್ದು ಕೇಳುವಷ್ಟು ದೂರದೊಳಗೆ ಎಲ್ಲರೂ ಬಂದು ಮನೆ ಕಟ್ಟಿಕೊಳ್ಳಬೇಕು ಎಂದು ವಿಧಿಸುವುದು. ಗಂಟೆಯ ಕೆಳಗಿರುವವರು ಊರಿನವರು, ಪ್ರಜೆಗಳು. ಕೇಳದಷ್ಟು ದೂರ ಗುಡ್ಡ ಹತ್ತಿ ಹೋದವರು ತಪ್ಪಿಸಿಕೊಂಡವರು. ಅಂದರೆ ಊರಿನ ಗಡಿಯನ್ನು ಕಲ್ಲು ನೆಟ್ಟು ಗುರುತಿಸಿದ್ದಲ್ಲ, ಕಿವಿಯಿಂದ ಅಳೆದದ್ದು. ಫಿಲಿಪ್ಪೀನ್ಸ್‌ನ ನೂರಾರು ಕರಾವಳಿ ಊರುಗಳು ಹುಟ್ಟಿದ್ದೇ ಹೀಗೆ.

ಗಂಟೆ ಬಡಿಯುವುದು ಪೂಜೆಗೆ ಮಾತ್ರವಾಗಿರಲಿಲ್ಲ. ದಕ್ಷಿಣದ ಮಿಂಡನಾವೊ, ಸೂಲು ಕಡೆಯಿಂದ ಗುಲಾಮರನ್ನು ಹಿಡಿಯಲು ಬರುವ ದೋಣಿಗಳು ಈ ಕರಾವಳಿಗೆ ಶತಮಾನಗಳ ಭಯ. ಅದೇ ಕಾರಣಕ್ಕೆ ಬಲಾಂಗಿಗಾದ ಪೂರ್ವಕ್ಕಿರುವ ಗಿವಾನ್‌ನಲ್ಲಿ ಇಗರ್ಜಿಯ ಸುತ್ತ ಕೋಟೆಯನ್ನೇ ಕಟ್ಟಿದ್ದರು. ದೋಣಿ ಕಂಡರೆ ಗಂಟೆ, ಬೆಂಕಿ ಬಿದ್ದರೆ ಗಂಟೆ, ಸತ್ತರೆ ಗಂಟೆ, ಬಿರುಗಾಳಿಗೆ ಗಂಟೆ. ಬಿರುಗಾಳಿಗಂತೂ ಇಲ್ಲಿ ಬರವಿಲ್ಲ. 1897ರ ಅಕ್ಟೋಬರ್‌ನಲ್ಲಿ ಸಾಮಾರ್, ಲೇಯ್ತೆಗಳನ್ನು ಬಡಿದ ಚಂಡಮಾರುತದ ಬಗ್ಗೆ ಮನಿಲಾ ವೀಕ್ಷಣಾಲಯದ ಜೆಸ್ವಿಟ್ ವಿಜ್ಞಾನಿ ಹೊಸೆ ಅಲ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಬಲಾಂಗಿಗಾದ ಇಗರ್ಜಿ ಸಂತ ಲಾರೆನ್ಸನದು. ಅದರ ಗೋಪುರದಲ್ಲಿ ಮೂರು ಕಂಚಿನ ಗಂಟೆಗಳಿದ್ದವು. ದೊಡ್ಡದರ ಮೈಮೇಲೆ ಫ್ರಾನ್ಸಿಸ್ಕನ್ನರ ಚಿಹ್ನೆ ಮತ್ತು 1853 ಎಂಬ ಇಸವಿ. ಎರಡನೆಯದರ ಮೇಲೆ 1889, ಜೊತೆಗೆ ಆಗಿನ ಪಾದ್ರಿಯ ಹೆಸರು. ಹಳೆಯದನ್ನು ಕರಗಿಸಿ ಹೊಸದಾಗಿ ಎರಕ ಹೊಯ್ದದ್ದು ಎಂದು ಅದರ ಮೇಲೆಯೇ ಕೊರೆದಿದೆ. ಮೂರನೆಯದು, ಎಲ್ಲಕ್ಕಿಂತ ಚಿಕ್ಕದು, 1890ರ ದಶಕದ್ದು. ಒಡೆದ ಗಂಟೆಯನ್ನು ಎಸೆಯದೆ ಕರಗಿಸಿ ಮತ್ತೆ ಹೊಯ್ಯಿಸುವಷ್ಟು ಅದು ಊರಿಗೆ ಬೇಕಾದ ವಸ್ತುವಾಗಿತ್ತು.

1898ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಒಪ್ಪಂದವಾಯಿತು. ಸೋತ ಸ್ಪೇನು ಎರಡು ಕೋಟಿ ಡಾಲರ್ ಪಡೆದು ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅದಾಗಲೇ ಸ್ವಾತಂತ್ರ್ಯ ಸಾರಿಕೊಂಡಿದ್ದ ಫಿಲಿಪ್ಪಿನೋಗಳನ್ನು ಯಾರೂ ಕೇಳಲಿಲ್ಲ. 1899ರ ಫೆಬ್ರವರಿಯಲ್ಲಿ ಯುದ್ಧ ಹತ್ತಿಕೊಂಡಿತು. ಸಾಮಾರ್‌ನಲ್ಲಿ ಅದನ್ನು ನಡೆಸಿದವರು ಜನರಲ್ ವಿಸೆಂತೆ ಲುಕ್ಬಾನ್. ಅಮೆರಿಕನ್ನರಿಗೆ ಬಂದರುಗಳು ಸಿಕ್ಕವು, ಗುಡ್ಡ ಸಿಗಲಿಲ್ಲ. ಗುಡ್ಡದಲ್ಲಿ ಕೂತ ಲುಕ್ಬಾನ್‌ನ ಪಡೆಗೆ ಅಕ್ಕಿ ಬರುತ್ತಿದ್ದದ್ದು ಕರಾವಳಿಯಿಂದ. ಹಣ ಬರುತ್ತಿದ್ದದ್ದು ಅಬಾಕಾ ವ್ಯಾಪಾರದಿಂದ. ಆದ್ದರಿಂದ ಅಮೆರಿಕನ್ ಸೇನೆ ಮಾಡಿದ ಉಪಾಯ ಅಳಿವೆಗಳನ್ನು ಮುಚ್ಚುವುದು. ಬಲಾಂಗಿಗಾ ಒಂದು ಅಳಿವೆ. ಅದಕ್ಕೆ ಬಂದ ಪಾಡು ಅಷ್ಟರಿಂದಲೇ.

1901ರ ಮಾರ್ಚಿನಲ್ಲಿ ಫಿಲಿಪ್ಪಿನೋ ಗಣರಾಜ್ಯದ ಅಧ್ಯಕ್ಷ ಅಗಿನಾಲ್ಡೊ ಸೆರೆಸಿಕ್ಕರು. ಯುದ್ಧ ಮುಗಿಯಿತೆಂದೇ ಮನಿಲಾದಲ್ಲಿ ಹಲವರು ತಿಳಿದರು. ಬಲಾಂಗಿಗಾದ ಜನ ಆಗಸ್ಟ್ 10ಕ್ಕೆ ತಮ್ಮ ಸಂತ ಲಾರೆನ್ಸನ ಹಬ್ಬ ಆಚರಿಸುವವರು. ಆ ವರ್ಷ ಹಬ್ಬದ ಮರುದಿನವೇ, ಆಗಸ್ಟ್ 11ರಂದು, ಅಮೆರಿಕದ 9ನೇ ಪದಾತಿ ದಳದ ಸಿ ಕಂಪನಿ ಹಡಗಿನಿಂದ ಇಳಿಯಿತು. 74 ಮಂದಿ. ಹಿಂದಿನ ವರ್ಷವಷ್ಟೇ ಚೀನಾದ ಬಾಕ್ಸರ್ ದಂಗೆ ಅಡಗಿಸಲು ಹೋಗಿ ಬಂದಿದ್ದ ದಳ ಅದು. ನಾಯಕ ಕ್ಯಾಪ್ಟನ್ ಥಾಮಸ್ ಕಾನೆಲ್. ಅಧಿಕಾರಿಗಳು ಇಗರ್ಜಿಗೆ ಅಂಟಿಕೊಂಡಿದ್ದ ಪಾದ್ರಿಯ ಮನೆಯಲ್ಲಿ ಬೀಡುಬಿಟ್ಟರು. ಸಿಪಾಯಿಗಳು ಊರ ಕಚೇರಿಯಲ್ಲೂ ಸುತ್ತಲ ಮನೆಗಳಲ್ಲೂ ತಂಗಿದರು.

ಮೊದಲ ವಾರಗಳು ಗಲಾಟೆಯಿಲ್ಲದೆ ಕಳೆದವು. ಸಿಪಾಯಿಗಳು ತೂಬಾ ಕುಡಿಯುತ್ತಿದ್ದರು. ಊರ ಪೊಲೀಸ್ ಮುಖ್ಯಸ್ಥ ವಲೇರಿಯಾನೊ ಅಬನಾಡೋರ್ ಕೋಲುವರಸೆಯಲ್ಲಿ ಪಳಗಿದವನು. ಕ್ಯಾಪ್ಟನ್ನನೊಡನೆ ಅವನಿಗೆ ಒಳ್ಳೆಯ ಒಡನಾಟವಿತ್ತು. ಊರಿನ ಅಧ್ಯಕ್ಷ ಪೆದ್ರೊ ಅಬಾಯಾನ್ ಹೊರಗೆ ಅಮೆರಿಕನ್ನರಿಗೆ ನಯವಾಗಿದ್ದು ಒಳಗೆ ಲುಕ್ಬಾನ್‌ಗೆ ಪತ್ರ ಬರೆಯುತ್ತಿದ್ದ. ಎರಡು ಸೈನ್ಯಗಳ ನಡುವೆ ಸಿಕ್ಕಿದ ಊರಿಗೆ ಅದಲ್ಲದೆ ಬೇರೆ ರಾಜಕಾರಣವೂ ಇರಲಿಲ್ಲ.

ಕೆಟ್ಟದ್ದು ಸೆಪ್ಟೆಂಬರ್‌ನಲ್ಲಿ. ಊರು ಕೊಳಕಾಗಿದೆ, ರೋಗ ಬರುತ್ತದೆ ಎಂದು ಕಾನೆಲ್ ಸ್ವಚ್ಛತೆಯ ಆಜ್ಞೆ ಹೊರಡಿಸಿದ. ಮನೆಗಳ ಸುತ್ತ ಬೆಳೆದ ಗಿಡಬಳ್ಳಿಗಳನ್ನೆಲ್ಲ ಕಡಿಯಬೇಕು. ಅವನ ಕಣ್ಣಿಗೆ ಪೊದೆಯಾಗಿ ಕಂಡದ್ದು ಆ ಮನೆಯವರ ನಾಳಿನ ಊಟ: ಕೆಸು, ಗೆಣಸು, ಬಾಳೆ. ಹಿತ್ತಿಲು ಕಡಿದರೆ ಲುಕ್ಬಾನ್‌ನ ಕಡೆಯವರೂ ಸುಮ್ಮನಿರುವಂತಿರಲಿಲ್ಲ, ಆಹಾರ ಬೆಳೆಸಿ ಉಳಿಸಬೇಕೆಂದು ಅವರದೂ ಕಟ್ಟಪ್ಪಣೆ ಇತ್ತು. ಇದರ ಮೇಲೆ ಇನ್ನೊಂದು ಘಟನೆ. ಕುಡಿದ ಇಬ್ಬರು ಸಿಪಾಯಿಗಳು ತೂಬಾ ಅಂಗಡಿ ನೋಡಿಕೊಳ್ಳುತ್ತಿದ್ದ ಹುಡುಗಿಯ ಮೈಮುಟ್ಟಿದರು. ಅವಳ ಅಣ್ಣತಮ್ಮಂದಿರು ಅವರನ್ನು ಹಿಡಿದು ಬಡಿದರು. ಕಾನೆಲ್ ಊರಿನ ಗಂಡಸರನ್ನೆಲ್ಲ ಹಿಡಿದು ತರಿಸಿದ. ವಯಸ್ಸಾದವರನ್ನು ಬಿಟ್ಟು ಉಳಿದ ಸುಮಾರು ಎಂಬತ್ತು ಮಂದಿಯನ್ನು ಎರಡು ಸಿಬ್ಲಿ ಡೇರೆಗಳಲ್ಲಿ ತುರುಕಿದ. ಸಿಬ್ಲಿ ಡೇರೆ ನಡುವೆ ಒಂದೇ ಕಂಬದ, ಶಂಕುವಿನಾಕಾರದ ಡೇರೆ. 16 ಮಂದಿ ಮಲಗಲು ಮಾಡಿದ್ದು. ಎರಡಕ್ಕೂ ಸೇರಿ 32 ಮಂದಿ ಹಿಡಿಸುವ ಕಡೆ ಎಂಬತ್ತು ಜನ ರಾತ್ರಿ ನಿಂತೇ ಕಳೆದರು. ಹಗಲು ಬಿಟ್ಟಿ ದುಡಿತ, ರಾತ್ರಿ ಡೇರೆ. ಮನೆಗಳಿಂದ ಬೋಲೊ ಎಂಬ ಮಚ್ಚುಗತ್ತಿಗಳನ್ನು ಕಿತ್ತುಕೊಂಡರು. ಕೂಡಿಟ್ಟ ಅಕ್ಕಿ ಗುಡ್ಡದವರ ಕೈಸೇರಬಾರದೆಂದು ಅದನ್ನೂ ವಶಪಡಿಸಿಕೊಂಡರು, ಹಾಳುಮಾಡಿದರು.

ಅಬನಾಡೋರ್ ಮತ್ತು ಲುಕ್ಬಾನ್‌ನ ಅಧಿಕಾರಿ ಯುಜೇನಿಯೊ ದಾಸಾ ಕೂಡಿ ಯೋಜನೆ ಹಾಕಿದರು. ಸುತ್ತಲ ಹಳ್ಳಿಗಳಿಂದ ಸುಮಾರು ಐನೂರು ಮಂದಿ ಒಂದಾದರು. ಹೆಂಗಸರಲ್ಲಿ ಒಬ್ಬಳು, ಕಸಿಯಾನಾ ನಸಿಯೊನಾಲೆಸ್, ಸಂಚಿನಲ್ಲಿ ನೇರವಾಗಿ ಕೈಜೋಡಿಸಿದಳು. ಹಿಂದಿನ ದಿನವೇ ಹೆಂಗಸರು ಮಕ್ಕಳು ಊರಿನಿಂದ ಜಾರಿಕೊಂಡರು. ಹೆಂಗಸರ ಉಡುಪು ತೊಟ್ಟ ಗಂಡಸರು ಮಕ್ಕಳ ಶವಪೆಟ್ಟಿಗೆಗಳಲ್ಲಿ ಬೋಲೊ ತುಂಬಿಸಿ ಇಗರ್ಜಿಗೆ ಸಾಗಿಸಿದರು, ಕಾವಲುಗಾರ ಕೇಳಿದಾಗ ಕಾಲರಾ ಎಂದರು ಎಂಬ ಕಥೆ ಬಹಳ ಪ್ರಸಿದ್ಧ.

1901 ಸೆಪ್ಟೆಂಬರ್ 28, ಶನಿವಾರ, ಬೆಳಗ್ಗೆ ಆರೂವರೆಯ ಸುಮಾರು. ಸಿಪಾಯಿಗಳು ಬಂದೂಕುಗಳನ್ನು ತಂಗುದಾಣದಲ್ಲೇ ಬಿಟ್ಟು ತಿಂಡಿಗೆ ಕೂತಿದ್ದರು. ಅಮೆರಿಕದ ಅಧ್ಯಕ್ಷ ಮೆಕಿನ್ಲಿ ಗುಂಡೇಟಿಗೆ ಬಲಿಯಾದ ಸುದ್ದಿ ಆಗಷ್ಟೇ ಟಪಾಲು ದೋಣಿಯಲ್ಲಿ ಬಂದಿತ್ತು. ಕಾವಲಿಗಿದ್ದವನು ಅಡಾಲ್ಫ್ ಗ್ಯಾಮ್ಲಿನ್ ಎಂಬ ಸಿಪಾಯಿ. ಅಬನಾಡೋರ್ ದಿನದಂತೆ ಕೆಲಸಗಾರರನ್ನು ನೋಡಿಕೊಳ್ಳುತ್ತ ಅವನ ಪಕ್ಕದಲ್ಲಿ ಹಾದುಹೋದ, ಹಿಂದಿನಿಂದ ಬಂದೂಕು ಕಸಿದ, ಅದರ ಹಿಡಿಯಿಂದಲೇ ತಲೆಗೆ ಹೊಡೆದು ಕೂಗು ಹಾಕಿದ. ಗೋಪುರದಲ್ಲಿ ಗಂಟೆ ಬಡಿಯಿತು, ಶಂಖಗಳು ಮೊಳಗಿದವು. ಇಗರ್ಜಿಯೊಳಗಿದ್ದವರು ಪಾದ್ರಿಯ ಮನೆಗೆ ನುಗ್ಗಿದರು. ಡೇರೆಗಳಲ್ಲಿ ಸೆರೆಯಿದ್ದವರು ಹೊರಬಿದ್ದರು. ಕಾನೆಲ್ ಕಿಟಕಿಯಿಂದ ಧುಮುಕಿದ, ಕೆಳಗೆ ಸತ್ತ. ಕಂಪನಿಯ ಮೂವರು ಅಧಿಕಾರಿಗಳಲ್ಲಿ ಒಬ್ಬನೂ ಉಳಿಯಲಿಲ್ಲ. ಬದುಕಿದವರು ಸಾರ್ಜೆಂಟ್ ಬೆಟ್ರನ್‌ನ ಹಿಂದೆ ದಡಕ್ಕೋಡಿ, ಸಿಕ್ಕಿದ ದೋಣಿ ಹತ್ತಿ ಪಶ್ಚಿಮದ ಬಸೇಯ್ ಕಡೆ ಹುಟ್ಟು ಹಾಕಿದರು.

74 ಮಂದಿಯಲ್ಲಿ 48 ಮಂದಿ ಸತ್ತರು ಅಥವಾ ಕಾಣೆಯಾದರು. 22 ಮಂದಿಗೆ ಗಾಯ. ಗಾಯವಿಲ್ಲದೆ ಉಳಿದವರು ನಾಲ್ಕೇ ಮಂದಿ. ಫಿಲಿಪ್ಪಿನೋಗಳ ಕಡೆ 28 ಮಂದಿ ಸತ್ತರು ಎಂದು ಊರಿನ ಲೆಕ್ಕ. ಮರುದಿನ ಬಸೇಯ್‌ನಿಂದ ಅಮೆರಿಕನ್ ಪಡೆ ಬಂದಾಗ ಊರಿನಲ್ಲಿ ಒಂದು ಜೀವವೂ ಇರಲಿಲ್ಲ. ಅವರು ತಮ್ಮ ಸತ್ತವರನ್ನು ಹೂಳಿ, ಊರಿಗೆ ಬೆಂಕಿ ಕೊಟ್ಟರು.

ಬೆಂಕಿ ಬಲಾಂಗಿಗಾದಲ್ಲಿ ನಿಲ್ಲಲಿಲ್ಲ. ಬ್ರಿಗೇಡಿಯರ್ ಜನರಲ್ ಜೇಕಬ್ ಸ್ಮಿತ್ ಸಾಮಾರ್‌ನ ಹೊಣೆ ಹೊತ್ತು ಬಂದ. ಸೆರೆಯಾಳುಗಳು ಬೇಡ, ಕೊಲ್ಲಿ, ಸುಡಿ. ಹತ್ತು ವರ್ಷ ದಾಟಿದ ಯಾರೇ ಆಗಲಿ ಆಯುಧ ಹಿಡಿಯಬಲ್ಲವರೆಂದೇ ಲೆಕ್ಕ ಎಂಬುದು ಮರೀನ್ ಪಡೆಯ ಮೇಜರ್ ಲಿಟ್ಲ್ಟನ್ ವಾಲರ್‌ಗೆ ಅವನು ಬಾಯಿಮಾತಿನಲ್ಲಿ ಕೊಟ್ಟ ಆಜ್ಞೆ. ವಾಲರ್ ಅದನ್ನು ಅಕ್ಷರಶಃ ಪಾಲಿಸಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಲಾಯಿತು. ಆದರೆ ಮನೆ ಸುಡುವುದು, ಅಕ್ಕಿ ಸುಡುವುದು, ದೋಣಿ ಒಡೆಯುವುದು, ಎಮ್ಮೆ ಕೋಣ ಕೊಲ್ಲುವುದು ತಿಂಗಳುಗಟ್ಟಲೆ ನಡೆಯಿತು. ಊಟದ ಮೂಲವನ್ನೇ ಕಡಿಯುವ ಯುದ್ಧ ಅದು. ಸಾಮಾರ್‌ನಲ್ಲಿ ಸತ್ತವರು ಎರಡೂವರೆ ಸಾವಿರ ಎನ್ನುವ ಇತಿಹಾಸಕಾರರಿದ್ದಾರೆ, ಐವತ್ತು ಸಾವಿರ ಎನ್ನುವವರೂ ಇದ್ದಾರೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಆಗ ಅಲ್ಲಿ ಲೆಕ್ಕ ಇಡುವವರು ಯಾರೂ ಇರಲಿಲ್ಲ ಎಂಬುದನ್ನು ಹೇಳುತ್ತದೆ.

ಆ ಗುಡ್ಡ ಎಂಥದ್ದು ಎಂದು ವಾಲರ್‌ಗೂ ತಿಳಿಯಿತು. 1901ರ ಡಿಸೆಂಬರ್ ಕೊನೆಗೆ ಪೂರ್ವ ಕರಾವಳಿಯಿಂದ ಬಸೇಯ್‌ಗೆ ದ್ವೀಪದ ಅಡ್ಡಕ್ಕೆ ನಡೆದು ಹೋಗುತ್ತೇನೆಂದು ಹೊರಟ. ಮಳೆ, ತುಂಬಿದ ಹೊಳೆ, ಮುಗಿದ ದಿನಸಿ, ಜ್ವರ. ಕೊನೆಗೆ ಹತ್ತು ಮಂದಿ ಮರೀನರು ಕಾಡಿನಲ್ಲೇ ಉಳಿದರು. ಬಸೇಯ್ ತಲುಪಿದ ಮೇಲೆ ತನ್ನ ಹೊರೆಯಾಳುಗಳಾಗಿದ್ದ 11 ಮಂದಿ ಫಿಲಿಪ್ಪಿನೋಗಳನ್ನು ವಿಚಾರಣೆಯಿಲ್ಲದೆ ಗುಂಡಿಟ್ಟು ಕೊಲ್ಲಿಸಿದ. ಅದಕ್ಕಾಗಿ ಅವನ ಮೇಲೆ ಸೇನಾ ನ್ಯಾಯಾಲಯ ಕೂತಿತು, ಬಿಡುಗಡೆಯಾಯಿತು. ಅವನ ಸಾಕ್ಷ್ಯದಿಂದಲೇ ಸ್ಮಿತ್‌ನ ಆಜ್ಞೆ ಹೊರಬಿದ್ದದ್ದು. 1902ರಲ್ಲಿ ಸ್ಮಿತ್‌ನ ಮೇಲೂ ಸೇನಾ ನ್ಯಾಯಾಲಯ. ಕೊಲೆಯ ಆರೋಪವಲ್ಲ, ಸೇನಾ ಶಿಸ್ತಿಗೆ ಭಂಗ ತಂದ ಆರೋಪ. ಶಿಕ್ಷೆ ಒಂದು ಛೀಮಾರಿ. ಅಧ್ಯಕ್ಷ ರೂಸ್‌ವೆಲ್ಟ್ ಅವನನ್ನು ನಿವೃತ್ತಿಗೊಳಿಸಿ ಮನೆಗೆ ಕಳಿಸಿದರು. ಆ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಕಣ್ಣಿಗೆ ಬಟ್ಟೆ ಕಟ್ಟಿದ ಮಕ್ಕಳ ಮುಂದೆ ಅಮೆರಿಕನ್ ಸಿಪಾಯಿಗಳು ಬಂದೂಕು ಹಿಡಿದು ನಿಂತ ವ್ಯಂಗ್ಯಚಿತ್ರ ಅಚ್ಚುಹಾಕಿತು. ಅಂದರೆ ಅಮೆರಿಕದೊಳಗೂ ಇದನ್ನು ಸಹಿಸದವರಿದ್ದರು.

ಸುಟ್ಟ ಊರಿನಲ್ಲಿ ಸುಡದೆ ಉಳಿದದ್ದು ಕಂಚು. ಗಂಟೆ ಬಡಿದೇ ದಾಳಿ ಶುರುವಾದದ್ದು ಎಂಬ ಕಾರಣಕ್ಕೆ ಸೇನೆ ಮೂರನ್ನೂ ಹೊತ್ತುಕೊಂಡು ಹೋಯಿತು. 1902ರ ಏಪ್ರಿಲ್‌ನಲ್ಲಿ ಸಾಮಾರ್‌ನ ಕಲ್ಬಾಯೋಗ್‌ನಲ್ಲಿ ತೆಗೆದ ಒಂದು ಫೋಟೊ ಇದೆ. ಸಿ ಕಂಪನಿಯಲ್ಲಿ ಬದುಕುಳಿದವರು ಸಾಲಾಗಿದ್ದಾರೆ, ಅವರ ಜೊತೆ ಒಂದು ಗಂಟೆ. ಆ ಚಿಕ್ಕ ಗಂಟೆ 9ನೇ ದಳದ ಪಾಲಿಗೆ ಬಂತು. ದಳ ಹೋದಲ್ಲಿಗೆ ಅದೂ ಹೋಯಿತು, ಕೊನೆಗೆ ದಕ್ಷಿಣ ಕೊರಿಯಾದ ಶಿಬಿರವೊಂದರ ವಸ್ತುಸಂಗ್ರಹಾಲಯದಲ್ಲಿ ಕೂತಿತು. ದೊಡ್ಡವೆರಡನ್ನು 11ನೇ ಪದಾತಿ ದಳ 1904ರಲ್ಲಿ ವಯೋಮಿಂಗ್ ರಾಜ್ಯದ ಶಯೆನ್ ನಗರದ ತನ್ನ ಕೋಟೆಗೆ ಒಯ್ದಿತು. ಸಮುದ್ರ ಬಹಳ ದೂರವಿರುವ, ಹುಲ್ಲುಗಾವಲಿನ ನಾಡು ಅದು. ಕೋಟೆ ಮುಂದೆ ಎಫ್. ಇ. ವಾರನ್ ವಾಯುನೆಲೆಯಾಯಿತು. ಗಂಟೆಗಳು ಸತ್ತ 48 ಸಿಪಾಯಿಗಳ ಸ್ಮಾರಕವಾಗಿ ಇಟ್ಟಿಗೆ ಗೋಡೆಯ ಮುಂದೆ ನಿಂತವು. ವರ್ಷ ಕಳೆದಂತೆ ಅವುಗಳ ಮೂಲ ಊರು ಯಾವುದು ಎಂಬುದು ಅಲ್ಲಿ ದಿನವೂ ನೋಡುವವರಿಗೂ ಮಸುಕಾಯಿತು.

ಈ ನಡುವೆ ಅದೇ ಕೊಲ್ಲಿಗೆ ಅಮೆರಿಕನ್ನರು ಮತ್ತೆ ಬಂದರು, ಈ ಸಲ ಬೇರೆ ರೂಪದಲ್ಲಿ. 1944ರ ಅಕ್ಟೋಬರ್ 20ರಂದು ಜಪಾನೀಯರ ವಿರುದ್ಧ ಮೆಕಾರ್ಥರ್‌ನ ಸೇನೆ ಕೊಲ್ಲಿಯ ಆಚೆ ದಡದಲ್ಲಿ, ಲೇಯ್ತೆಯ ಪಾಲೊದಲ್ಲಿ ಇಳಿಯಿತು. ಬಲಾಂಗಿಗಾದ ಪೂರ್ವದ ಗಿವಾನ್‌ನಲ್ಲಿ ಅಮೆರಿಕದ ನೌಕಾಪಡೆ ದೊಡ್ಡ ನೆಲೆ ಕಟ್ಟಿತು, ವಿಮಾನ ಇಳಿಯುವ ಪಟ್ಟಿ ಹಾಕಿತು. ಆ ಪಟ್ಟಿ ಮುಂದೆ ಎರಡು ಸಲ ನಮ್ಮ ಕಥೆಯಲ್ಲಿ ಬರುತ್ತದೆ.

ಮೊದಲ ಸಲ 2013ರ ನವೆಂಬರ್‌ನಲ್ಲಿ. ಫಿಲಿಪ್ಪೀನ್ಸ್ ಸುತ್ತಲ ಸಮುದ್ರಕ್ಕೆ ವರ್ಷಕ್ಕೆ ಸುಮಾರು 20 ಚಂಡಮಾರುತಗಳು ಬರುತ್ತವೆ. ಶಾಂತಸಾಗರದ ಬಿಸಿನೀರಿನ ಮೇಲೆ ಬೆಳೆದು ಪಶ್ಚಿಮಕ್ಕೆ ಸಾಗುವಾಗ ಅವಕ್ಕೆ ಎದುರಾಗುವ ಮೊದಲ ನೆಲ ಎಷ್ಟೋ ಸಲ ಸಾಮಾರ್. ಹೊರಜಗತ್ತು ಹೈಯಾನ್ ಎಂದೂ ಅಲ್ಲಿನವರು ಯೊಲಾಂಡಾ ಎಂದೂ ಕರೆದ ಮಾರುತ ನವೆಂಬರ್ 8ರ ನಸುಕಿನಲ್ಲಿ ಗಿವಾನ್‌ಗೆ ಅಪ್ಪಳಿಸಿ, ಕೊಲ್ಲಿ ದಾಟಿ, ಲೇಯ್ತೆಗೆ ನುಗ್ಗಿತು. ಬಲಾಂಗಿಗಾ ಆ ಎರಡರ ನಡುವೆ. ಮನೆಗಳ ತಗಡು, ಇಗರ್ಜಿಯ ಛಾವಣಿ ಹಾರಿಹೋದವು, ತೆಂಗಿನ ತೋಟಗಳು ನೆಲಕಚ್ಚಿದವು. ತೆಂಗು ಮತ್ತೆ ಫಲ ಕೊಡಲು ಏಳೆಂಟು ವರ್ಷ ಬೇಕು. ಕೊಬ್ಬರಿ ನಂಬಿದ ಮನೆಗೆ ಗಾಳಿ ಬೀಸಿದ್ದು ಒಂದು ಬೆಳಗಾದರೂ ನಷ್ಟ ಅಷ್ಟು ವರ್ಷಗಳದು. ದೇಶದಲ್ಲಿ ಸತ್ತವರ ಅಧಿಕೃತ ಲೆಕ್ಕ 6,300. ಆಗ ನೆರವು ಹೊತ್ತ ಅಮೆರಿಕದ ವಿಮಾನಗಳು ಇಳಿದದ್ದು ಗಿವಾನ್‌ನ ಅದೇ ಹಳೆಯ ಪಟ್ಟಿಯಲ್ಲಿ.

ಗಂಟೆ ಕೊಡಿ ಎಂಬ ಬೇಡಿಕೆಗೂ ದೊಡ್ಡ ಇತಿಹಾಸವಿದೆ. 1989ರಲ್ಲಿ ಫಿಲಿಪ್ಪೀನ್ಸ್ ಕಾನೂನು ಮಾಡಿ ಸೆಪ್ಟೆಂಬರ್ 28ನ್ನು ಪೂರ್ವ ಸಾಮಾರ್‌ನ ರಜಾದಿನವಾಗಿ ಘೋಷಿಸಿತು. ಆ ದಿನ ಊರಿನವರು ಅಂದಿನ ದಾಳಿಯನ್ನು ಅಭಿನಯಿಸಿ ತೋರಿಸುತ್ತಾರೆ. 1990ರ ದಶಕದಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸ್ ಅಮೆರಿಕವನ್ನು ಕೇಳಿದರು. ಹಂಚಿಕೊಳ್ಳೋಣ, ಪ್ರತಿಕೃತಿ ಮಾಡಿಸೋಣ ಎಂದೂ ಹೇಳಿದರು. ವಯೋಮಿಂಗ್‌ನ ಮಾಜಿ ಸೈನಿಕರು ಜಗ್ಗಲಿಲ್ಲ. ಅವರ ಮಾತಿನಲ್ಲೂ ಒಂದು ನೋವಿತ್ತು: ಇದು ನಮ್ಮ ಸತ್ತವರ ಸ್ಮಾರಕ, ಸ್ಮಾರಕ ಬಿಚ್ಚಿ ಕೊಡುವುದು ಹೇಗೆ? ಅವರ ಒತ್ತಾಯಕ್ಕೆ ಇಂಥ ಸ್ಮಾರಕಗಳನ್ನು ಹೊರದೇಶಕ್ಕೆ ಕೊಡದಂತೆ ಅಮೆರಿಕದ ಕಾಂಗ್ರೆಸ್ಸು ಕಾನೂನಿನಲ್ಲೇ ತಡೆ ಹಾಕಿತು.

ಗಂಟು ಸಡಿಲವಾದದ್ದು ಭಾಷಣಗಳಿಂದ ಅಷ್ಟಾಗಿ ಅಲ್ಲ, ಕಡತಗಳಿಂದ. ಲೇಯ್ತೆಯ ಪಾಲೊದಲ್ಲಿ ಪಾಠ ಹೇಳುತ್ತಿದ್ದ ಇತಿಹಾಸಕಾರ ರೊಲಾಂಡೊ ಬೊರಿನಾಗಾ ಎರಡೂ ದೇಶಗಳ ದಾಖಲೆ, ಪತ್ರ, ನೆನಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅವರ ಜೊತೆಗೂಡಿದವರಲ್ಲಿ ಕಾವಲುಗಾರ ಗ್ಯಾಮ್ಲಿನ್‌ನ ಮಗಳೂ ಇದ್ದರು. ಹೌದು, ಮೊದಲ ಪೆಟ್ಟು ತಿಂದ ಗ್ಯಾಮ್ಲಿನ್ ಬದುಕಿ ಊರು ಸೇರಿದ್ದ. ಹಿತ್ತಿಲು ಕಡಿಸಿದ್ದು, ಡೇರೆಯಲ್ಲಿ ತುರುಕಿದ್ದು, ಅಕ್ಕಿ ಹಾಳುಮಾಡಿದ್ದು ಮುಂತಾದ ಸಂಗತಿಗಳು ಸಾವುಗಳ ಪಟ್ಟಿಯ ಜೊತೆಗೆ ಓದುಗರ ಮುಂದೆ ಬಂದವು. ನಿಷ್ಕಾರಣ ದ್ರೋಹ ಎಂದೇ ಅಮೆರಿಕದಲ್ಲಿ ನೂರು ವರ್ಷ ಹೇಳಿಕೊಂಡು ಬಂದದ್ದಕ್ಕೆ ಕಾರಣಗಳಿವೆ ಎಂದು ತಿಳಿದ ಮೇಲೆ ನಿವೃತ್ತ ಅಮೆರಿಕನ್ ಸೈನಿಕರಲ್ಲೇ ಕೆಲವರು ಗಂಟೆ ಹಿಂದಿರುಗಿಸಿ ಎನ್ನತೊಡಗಿದರು. 2017ರ ಜುಲೈನಲ್ಲಿ ಅಧ್ಯಕ್ಷ ಡುಟೆರ್ಟೆ ಸಂಸತ್ತಿನ ಮುಂದೆ ಗಂಟೆಗಳನ್ನು ಖಡಾಖಂಡಿತವಾಗಿ ಕೇಳಿದರು. ಅದೇ ವರ್ಷದ ಕೊನೆಗೆ ಕಾಂಗ್ರೆಸ್ಸು ತನ್ನ ತಡೆಯನ್ನು ತಿದ್ದಿತು. ರಕ್ಷಣಾ ಕಾರ್ಯದರ್ಶಿ ದೇಶದ ಹಿತಕ್ಕೆ ಒಳ್ಳೆಯದೆಂದು ಬರೆದುಕೊಟ್ಟರೆ ಗಂಟೆ ಕಳಿಸಬಹುದು ಎಂದಾಯಿತು. 2018ರ ನವೆಂಬರ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಜಿಮ್ ಮ್ಯಾಟಿಸ್ ವಯೋಮಿಂಗ್‌ಗೆ ಹೋಗಿ ಫಿಲಿಪ್ಪೀನ್ಸ್ ರಾಯಭಾರಿಯ ಎದುರಿನಲ್ಲಿ ಅವನ್ನು ಬೀಳ್ಕೊಟ್ಟರು.

ಕೊರಿಯಾದ ಚಿಕ್ಕ ಗಂಟೆಯೂ ಜೊತೆಗೂಡಿತು. 2018ರ ಡಿಸೆಂಬರ್ 11ರಂದು ಮೂರೂ ಗಂಟೆಗಳು ಜಪಾನಿನ ಓಕಿನಾವಾದಿಂದ ಅಮೆರಿಕದ ಸೇನಾ ವಿಮಾನದಲ್ಲಿ ಮನಿಲಾಕ್ಕೆ ಬಂದವು. ಮೂರು ದಿನದ ಮೇಲೆ ಗಿವಾನ್‌ನ ಆ ಹಳೆಯ ಪಟ್ಟಿಯಲ್ಲಿ ಇಳಿದು, ರಸ್ತೆಯಲ್ಲಿ ಬಲಾಂಗಿಗಾ ತಲುಪಿದವು. 15ರಂದು ಡುಟೆರ್ಟೆಯವರ ಎದುರಿನಲ್ಲಿ ಇಗರ್ಜಿಗೆ ಒಪ್ಪಿಸಿದ್ದಾಯಿತು. ದಿನ ಚೆನ್ನಾಗಿ ಕೂಡಿ ಬಂದಿತ್ತು: ಫಿಲಿಪ್ಪೀನ್ಸ್‌ನಲ್ಲಿ ಡಿಸೆಂಬರ್ 16ರಿಂದ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಕ್ರಿಸ್‌ಮಸ್ ಪೂಜೆಗಳು ನಡೆಯುತ್ತವೆ.

ಬಂದ ಗಂಟೆಗಳ ಬಗ್ಗೆ ಅದೇ ವಾರ ಇನ್ನೊಂದು ಚರ್ಚೆ ಎದ್ದಿತು. ಇಷ್ಟು ದೊಡ್ಡ ರಾಷ್ಟ್ರೀಯ ಸ್ಮೃತಿ ಮೂಲೆಯ ಊರಿನಲ್ಲಿ ಏಕೆ, ಒಂದನ್ನಾದರೂ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಡೋಣ, ಎಲ್ಲರೂ ನೋಡಲಿ ಎಂಬ ಸಲಹೆ ಸೆನೆಟ್‌ನಲ್ಲಿ ಬಂತು. ಆಡಿದವರ ಉದ್ದೇಶ ಕೆಟ್ಟದ್ದಲ್ಲ. ಬೊರೊಂಗಾನ್ ಧರ್ಮಪ್ರಾಂತ್ಯ ಒಪ್ಪಲಿಲ್ಲ, ಊರೂ ಒಪ್ಪಲಿಲ್ಲ. ಅವು ಮೂರೂ ಬಲಾಂಗಿಗಾದ ಇಗರ್ಜಿಯ ಪೂಜೆಗೆ ಸೇರಿದವು, ಜನರನ್ನು ಕರೆಯಲು ಹೊಯ್ದವು ಎಂಬುದು ಅವರ ವಾದ. ಸಲಹೆ ಅಲ್ಲಿಗೇ ನಿಂತಿತು.

ನನಗೆ ಇಡೀ ಇತಿಹಾಸದಲ್ಲಿ ಮುಖ್ಯವಾಗಿ ಕಾಣುವುದು ಈ ಕೊನೆಯ ಹಟ. ಸ್ಪೇನಿನವರಿಗೆ ಬಲಾಂಗಿಗಾ ಗಂಟೆಯ ಕೆಳಗೆ ತಂದು ಕೂರಿಸಬೇಕಾದ ಪ್ರಜೆಗಳ ಗುಂಪು. ಅಮೆರಿಕನ್ ಸೇನೆಗೆ ಮುಚ್ಚಬೇಕಾದ ಅಳಿವೆ, ಆಮೇಲೆ ಸೇಡಿನ ಗುರುತು. ವಯೋಮಿಂಗ್‌ಗೆ ಸ್ಮಾರಕ, ಮನಿಲಾಕ್ಕೆ ರಾಷ್ಟ್ರೀಯ ಪ್ರತೀಕ. ಊರಿನವರಿಗೆ ಮಾತ್ರ ಗಂಟೆ ಗಂಟೆಯೇ. ಅವರನ್ನು ಒಂದೆಡೆ ಕೂಡಿಹಾಕಲು ಪರರು ತಂದ ಉಪಕರಣವನ್ನು ಅವರು ಮೂರು ನಾಲ್ಕು ತಲೆಮಾರಿನಲ್ಲಿ ತಮ್ಮದಾಗಿ ಮಾಡಿಕೊಂಡಿದ್ದರು, ಅದರಿಂದಲೇ ಬಂಡೆದ್ದರು, ಅದಕ್ಕಾಗಿ ಊರು ಸುಡಿಸಿಕೊಂಡರು, ಅದು ಬಂದ ಮೇಲೆ ಗಾಜಿನ ಪೆಟ್ಟಿಗೆಗೆ ಕೊಡಲೊಪ್ಪಲಿಲ್ಲ. ಈಗ ಅವು ಮೂರೂ ಊರಿನಲ್ಲೇ ಇವೆ. ಊರಿನ ಉಳಿದ ಕಷ್ಟಗಳು, ಅಂದರೆ ಗದ್ದೆಯ ಕೊರತೆ, ತೆಂಗಿನ ಬೆಲೆ, ವರ್ಷವರ್ಷದ ಗಾಳಿ, ಯಾವುವೂ ಗಂಟೆ ಬಂದ ಮಾತ್ರಕ್ಕೆ ತೀರಿಲ್ಲ. ತೀರುತ್ತವೆ ಎಂದು ಅಲ್ಲಿ ಯಾರೂ ಹೇಳಿಯೂ ಇರಲಿಲ್ಲ. ಅವರು ಕೇಳಿದ್ದು ತಮ್ಮ ವಸ್ತು ತಮಗೆ ಎಂದಷ್ಟೇ, ಮತ್ತು ಅಷ್ಟನ್ನು ಪಡೆಯಲು ಅವರಿಗೆ 117 ವರ್ಷ ಹಿಡಿಯಿತು.